ಅಕ್ಕನ ಕಣ್ಣು

“ಹೋಗಿ ಕೈ ತೊಳ್ಕೊಂಡು ಬಾ.”

“ತೊಳ್ಕಂಡೇ ಬಂದಿದೀನಿ ಸಾರ್.”

“ಇದು ತೊಳೆದಿರೋ ಕೈಯಾ? ಇದ್ದಲು ಗೋಡೌನಿಂದ ಎದ್ದು ಬಂದಂಗಿದೆ. ಹೋಗು, ಸೋಪು ಹಾಕಿ ತೊಳಿ.”

ಗರೋಫಿತ್ಸಾ ಎದ್ದು ಹೋದಳು. ಹಸಿರು ಬಟ್ಟೆ ಹೊದಿಸಿದ ಉದ್ದನೆಯ ಮೇಜಿನ ಮೇಲೆ ಉಳಿದ ಹುಡುಗಿಯರು ಎರಡೂ ಕೈ ಚಾಚಿಕೊಂಡು ಕೂತೇ ಇದ್ದರು. ಬೆಳಗಾದರೆ ಮೊದಲ ಕೆಲಸ ಕೈ ತಪಾಸಣೆ. ಫೋನಿನಲ್ಲಿ ನೋಡುತ್ತ ಇಸ್ಪೀಟು ಜೂಜಾಡುವವನು ಎಲೆ ಹಂಚುವ ಡೀಲರಳ ಮುಖವನ್ನು ಒಂದು ಸಲ ನೋಡಿದರೆ ಅವಳ ಕೈಯನ್ನು ನೂರು ಸಲ ನೋಡುತ್ತಾನೆ ಅನ್ನುವುದು ತರಬೇತಿ ಕೊಡುವ ಕೊರ್ನೆಲ್‌ನ ಮೊದಲ ಪಾಠ. ಉಗುರುಬಣ್ಣ ಚಕ್ಕೆ ಎದ್ದಿರಬಾರದು, ಚರ್ಮ ಒಡೆದಿರಬಾರದು, ಗೀರಿರಬಾರದು. ಮೈಬಣ್ಣದ ಮಾತು ಪಾಠದಲ್ಲಿ ಇರಲಿಲ್ಲ. ಅದನ್ನು ಅವನು ಗರೋಫಿತ್ಸಾಳಿಗೋಸ್ಕರ ಆಮೇಲೆ ಸೇರಿಸಿದ್ದ.

ತಣ್ಣೀರಿನಲ್ಲಿ ಉಜ್ಜಿ ಉಜ್ಜಿ ಗೆಣ್ಣುಗಳು ಕೆಂಪಾದವು. ಅವಳು ವಾಪಸು ಬಂದು ಕೈ ಚಾಚಿದಾಗ ಕೊರ್ನೆಲ್ ಪೆನ್ನಿನ ತುದಿಯಿಂದ ಅವಳ ಬೆರಳನ್ನು ಎತ್ತಿ ನೋಡಿ, ಹೋಗಲಿ ಕೂತ್ಕೋ, ಬಟ್ಟೆಗೆ ತಾಗಿಸಬೇಡ, ಹಸಿರು ಹೋಗಿ ಕಪ್ಪಾದರೆ ಕಂಪನಿಗೆ ನಷ್ಟ ಅಂದ. ಹುಡುಗಿಯರು ನಕ್ಕರು. ನಗುವುದೂ ತರಬೇತಿಯ ಭಾಗವೇ ಅಲ್ಲವೇ.

ಆಮೇಲೆ ಅವನು ಪಕ್ಕದ ಕುರ್ಚಿಯವಳ ಮಣಿಕಟ್ಟು ಹಿಡಿದು, ಕೈಯನ್ನು ದೀಪದ ಬೆಳಕಿಗೆ ಎತ್ತಿದ. “ಎಲ್ಲರೂ ಇಲ್ಲಿ ನೋಡಿ. ಕೈ ಅಂದ್ರೆ ಇದು. ಕ್ಯಾಮೆರಾ ಇಂಥದ್ದನ್ನ ಮೆಚ್ಚುತ್ತೆ. ಶಹಬ್ಬಾಸ್ ಬಿಯಾಂಕಾ.”

ಬಿಯಾಂಕಾ ತಲೆ ತಗ್ಗಿಸಿ ನಕ್ಕಳು. ಆ ಕೈಗೆ ಮೊಟ್ಟಮೊದಲು ಉಗುರುಬಣ್ಣ ಹಚ್ಚಿದವಳು ಗರೋಫಿತ್ಸಾ. ಆ ಬಿಯಾಂಕಾಳ ನಿಜ ಹೆಸರು ನರ್ಚೀಸಾ, ಗರೋಫಿತ್ಸಾಳ ಚಿಕ್ಕವ್ವನ ಮಗಳು. ಇಬ್ಬರೂ ಫೆರೆಂತಾರಿ ಅನ್ನುವ ರೋಮಾ ಕೇರಿಯ ಒಂದೇ ಕಟ್ಟಡದವರು, ಒಂದೇ ಮೆಟ್ಟಿಲು ಹತ್ತಿ ಬೆಳೆದವರು. ಈಗ ಒಂದೇ ಮೇಜಿನಲ್ಲಿ ಮೊಳ ದೂರದಲ್ಲಿ ಕೂತಿದ್ದರೂ, ತಂಗಿಯ ಕಣ್ಣು ಅಕ್ಕನ ಮೇಲೆ ಬಿದ್ದು, ಗೋಡೆಯ ಮೇಲೆ ಬಿದ್ದಂತೆ ದಾಟಿಹೋಯಿತು. ಗರೋಫಿತ್ಸಾಳಿಗೆ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಕೊರ್ನೆಲ್ ಆಡಿದ ಮಾತಿಗೆ ಅಷ್ಟಾಗಿರಲಿಲ್ಲ. ಅಂಥ ಮಾತು ಅವಳು ಹುಟ್ಟಿದಾಗಿನಿಂದ ಕೇಳಿದ್ದಾಳೆ.

ಕೆಲಸದ ಸುದ್ದಿ ತಂದವಳೇ ಗರೋಫಿತ್ಸಾ. ಅವ್ವನ ಜೊತೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬುಕಾರೆಸ್ತ್ ನಗರದ ಬೀದಿ ಗುಡಿಸುತ್ತಿದ್ದಾಗ, ಬಸ್ಸಿನ ಮೇಲೆ ಅಂಟಿಸಿದ ಚಿತ್ರ ನೋಡಿದ್ದಳು. ಕೆಂಪು ಉಡುಪಿನ ಹುಡುಗಿ, ಕೈಯಲ್ಲಿ ಇಸ್ಪೀಟೆಲೆ, ಕೆಳಗೆ ‘ಅನುಭವ ಬೇಕಿಲ್ಲ, ಕೆಲಸ ನಾವೇ ಕಲಿಸುತ್ತೇವೆ’ ಅಂತ. ಗುಡಿಸುವಾಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಫೋನಿನಿಂದ ಇಂಗ್ಲಿಷು ಕಲಿತಳು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಇಸ್ಪೀಟಿನ ಕಟ್ಟು ಇಟ್ಟುಕೊಂಡು, ಎಲೆಗಳು ಮೆತ್ತಗಾಗುವ ತನಕ ಕಲಸಿದಳು. ಪೊರಕೆ ಹಿಡಿದ ಕೈಗೆ ಎಲೆ ಒಗ್ಗಲು ಸಮಯ ಹಿಡಿಯಿತು. ಸಂದರ್ಶನದ ದಿನ ಬಂದಾಗ ತಂಗಿಯ ಮನೆಗೆ ಹೋದಳು. ನರ್ಚೀಸಾ ಮಧ್ಯಾಹ್ನದ ತನಕ ಮಲಗಿ, ಎದ್ದರೆ ಸೂರ್ಯಕಾಂತಿ ಬೀಜ ಒಡೆದು ಸಿಪ್ಪೆ ಉಗುಳುತ್ತ ಕಾಲ ಕಳೆಯುವವಳು. ಅವಳನ್ನು ಎಬ್ಬಿಸಿ ಗೋಗರೆದಳು.

“ನಂಗೆ ಒಬ್ಳೇ ಹೋಗಾಕೆ ದಿಗ್ಲು ಕಣೆ. ಬಾಗ್ಲಗಂಟ ಬಾ, ಸಾಕು.”

ಬಾಗಿಲಲ್ಲಿ ಕೂತಿದ್ದ ಹೆಂಗಸು ಇಬ್ಬರನ್ನೂ ಒಂದು ಸಲ ನೋಡಿ, ನರ್ಚೀಸಾಳಿಗೆ ‘ಸಂದರ್ಶನಕ್ಕಾ ಬಂಗಾರಿ, ಒಳಗೆ ಬಾ’ ಅಂದಳು. ಗರೋಫಿತ್ಸಾಳಿಗೆ ಹೇಳಿದ್ದು, ಕ್ಲೀನಿಂಗಿನವರು ಹಿಂದಿನ ಬಾಗಿಲಿಂದ ಬರಬೇಕು ಅಂತ.

ಒಳಗೆ ಹೋದ ಮೇಲೆ ನರ್ಚೀಸಾಳ ನಾಲಗೆ ತಾನಾಗಿ ಉದ್ದವಾಯಿತು. ಅವಳ ಅಪ್ಪ ಹೊರಗಿನವನು, ಬಿಳಿಯ. ಮಗಳಿಗೆ ತನ್ನ ಬಣ್ಣವನ್ನೂ ಹೆಸರನ್ನೂ ಕೊಟ್ಟು ಕೇರಿ ಬಿಟ್ಟು ಹೋದವನು. ಗುರುತಿನ ಚೀಟಿಯಲ್ಲಿ ಅವನ ಊರೇ ಇತ್ತು. ಅವ್ವ ಇಟಲಿಯವಳು ಅಂದುಬಿಟ್ಟಳು. ಅವಳವ್ವ ಎರಡು ಬೇಸಗೆ ಇಟಲಿಯಲ್ಲಿ ಟೊಮ್ಯಾಟೊ ಕಿತ್ತಿದ್ದು ನಿಜ. ಕಂಪನಿಯಲ್ಲಿ ಎಲ್ಲರಿಗೂ ಮೇಜಿಗೆಂದು ಬೇರೆ ಹೆಸರು ಇಡುತ್ತಾರೆ. ಇವಳಿಗೆ ಅಂದೇ ಬಿಯಾಂಕಾ ಅಂತ ಹೆಸರಿನ ಬಿಲ್ಲೆ ಚುಚ್ಚಿದರು. ಗರೋಫಿತ್ಸಾಳ ಕೈಚುರುಕು ನೋಡಿ ಅವಳನ್ನೂ ತರಬೇತಿಗೆ ತಗೊಂಡರು, ಹೆಸರು ಮಾತ್ರ ನಿನಗೆ ಆಮೇಲೆ ಯೋಚಿಸೋಣ ಅಂದರು. ಆ ಆಮೇಲೆ ಇವತ್ತಿಗೂ ಬಂದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನರ್ಚೀಸಾ ಅವಳ ತೋಳಿಗೆ ತಲೆ ಆನಿಸಿ, “ಅಕ್ಕಾ, ಅಲ್ಲಿ ನಾವು ಗುರ್ತೇ ಇಲ್ದಂಗೆ ಇದ್ಬುಡಾನ. ನಿಂಗೂ ವಾಸಿ, ನಂಗೂ ವಾಸಿ” ಅಂದಿದ್ದಳು. ಅಕ್ಕ ಒಪ್ಪಿಕೊಂಡಳು. ಮೊದಮೊದಲು ಅದೊಂದು ಆಟದ ಹಾಗಿತ್ತು. ಆಮೇಲೆ ನರ್ಚೀಸಾ ಒಂದು ಸ್ಟಾಪು ಮೊದಲೇ ಇಳಿದು ನಡೆದು ಬರತೊಡಗಿದಳು. ಊಟದ ಹೊತ್ತಿನಲ್ಲಿ ಬೇರೆ ಹುಡುಗಿಯರ ಗುಂಪಿನಲ್ಲಿ ಕೂತು, ಗರೋಫಿತ್ಸಾ ಡಬ್ಬಿ ಬಿಚ್ಚಿದರೆ ಮೂಗು ಅರಳಿಸುತ್ತಿದ್ದಳು. ಆ ಡಬ್ಬಿಯ ಎಲೆಕೋಸು, ಜೋಳದ ಮುದ್ದೆ ಎರಡನ್ನೂ ಬೆಳಗ್ಗೆ ಮಾಡಿಕೊಟ್ಟಿದ್ದು ನರ್ಚೀಸಾಳ ಅವ್ವನೇ.

ಉಡುಪಿನ ಕೋಣೆಯ ಯಜಮಾನಿ ವೆಟೂರಿಯಾ. ತರಬೇತಿಗೆ ಬಂದವರಿಗೆಲ್ಲ ಕೆಂಪು ಉಡುಪು ಹಂಚಿ, ಸಡಿಲವಾದ ಕಡೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು ಹಾಕಿ ಬಿಗಿಯುವವಳು ಅವಳೇ. ಕ್ಯಾಮೆರಾಗೆ ಬೆನ್ನು ಕಾಣುವುದಿಲ್ಲ. ಒಬ್ಬಳು ಬಿಚ್ಚಿದ್ದನ್ನು ಇನ್ನೊಬ್ಬಳು ತೊಡುವುದು ಅಲ್ಲಿಯ ರೂಢಿ, ಬೆವರು ಆರುವ ಮೊದಲೇ ಬದಲಾಯಿಸುತ್ತಾರೆ. ಗರೋಫಿತ್ಸಾ ಮೊದಲ ದಿನ ಬಿಚ್ಚಿಟ್ಟ ಉಡುಪನ್ನು ಮುಂದಿನವಳು ಮುಟ್ಟಲಿಲ್ಲ, ಬೇರೆ ಕೊಡಿ ಮೇಡಂ ಅಂದಳು. ಮಾರನೆಯ ದಿನ ಆ ಉಡುಪು ಬಾಗಿಲ ಹಿಂದಿನ ಮೊಳೆಯಲ್ಲಿ ಒಂಟಿಯಾಗಿ ನೇತಾಡುತ್ತಿತ್ತು, ಕೊಕ್ಕೆಗೆ ಗುರುತಿನ ಕಪ್ಪು ದಾರ.

“ನಿಂದು ಅದು. ಸಾಲಿನಲ್ಲಿರೋದಕ್ಕೆ ಕೈ ಹಾಕ್ಬೇಡ. ಎಲ್ಲರೂ ತೊಡೋ ಬಟ್ಟೆ ಅದು.”

“ಎಲ್ಲರಲ್ಲಿ ನಾನೂ ಒಬ್ಳು ಅಲ್ವ ಮೇಡಂ?”

“ಬಾಯಿ ಬೇರೆ ಕೇಡು. ತ್ಸಿಗಾಂಕಳನ್ನ ಒಳಗೆ ಬಿಟ್ಟಿದ್ದೇ ಹೆಚ್ಚು.”

ತ್ಸಿಗಾಂಕ ಅನ್ನುವ ಆ ಮಾತನ್ನು ಊರಿನವರು ಅವಳಂಥ ರೋಮಾ ಜನಾಂಗದ ಹೆಂಗಸರಿಗೆ ಬಳಸುವಾಗ ಉಗುಳಿದ ಹಾಗೆ ಬಳಸುತ್ತಾರೆ. ಗರೋಫಿತ್ಸಾಳಿಗೆ ಆ ಮಾತು ತಾಗಲಿಲ್ಲ. ಅದೇ ಗಳಿಗೆಯಲ್ಲಿ ನರ್ಚೀಸಾ ಬಿಚ್ಚಿಕೊಟ್ಟ ಉಡುಪನ್ನು ಇನ್ನೊಬ್ಬಳು ಹಿಂದೆ ಮುಂದೆ ನೋಡದೆ ತಲೆಯ ಮೇಲಿಂದ ಎಳೆದುಕೊಂಡಳಲ್ಲ, ಅದು ತಾಗಿತು. ಅದೇ ಕೇರಿ, ಅದೇ ನಲ್ಲಿ, ಅದೇ ಬೆವರು. ಕೂಗಿ ಹೇಳಿಬಿಡಲೇ ಅನ್ನಿಸಿ ಬಾಯಿಯ ತನಕ ಬಂದದ್ದನ್ನು ನುಂಗಿದಳು. ಹೇಳಿದರೆ ಅವಳದ್ದೂ ಒಂದು ಉಡುಪು ಇದೇ ಮೊಳೆಗೆ ಬರುತ್ತದೆ. ಬರಲಿ ಬಿಡು ಅನ್ನಿಸಿತು. ಅನ್ನಿಸಿದ್ದಕ್ಕೆ ಮೈ ಬೆಚ್ಚಗಾಯಿತು.

ನಗುವ ಪಾಠವೂ ಇತ್ತು. ಸೋತ ಆಟಗಾರ ಡೀಲರಳಿಗೆ ಕಾಣುವ ಪರದೆಯಲ್ಲಿ ಬಾಯಿಗೆ ಬಂದದ್ದು ಬರೆಯುತ್ತಾನೆ. ಡೀಲರಳು ನಕ್ಕು, ಮುಂದಿನ ಆಟದಲ್ಲಿ ಅದೃಷ್ಟ ಒಲಿಯಲಿ ಅನ್ನಬೇಕು. ಕೊರ್ನೆಲ್ ಆಟಗಾರನ ವೇಷದಲ್ಲಿ ಒಬ್ಬೊಬ್ಬಳನ್ನೇ ಬೈದು ಪರೀಕ್ಷೆ ಮಾಡುತ್ತಿದ್ದ. ಗರೋಫಿತ್ಸಾಳ ಸರದಿ ಬಂದಾಗ ಕುರ್ಚಿ ಹತ್ತಿರ ಎಳೆದುಕೊಂಡ.

“ಏನೇ ಕಳ್ಳಿ, ಎಕ್ಕ ಎಲ್ಲಿ ಬಚ್ಚಿಟ್ಟೆ? ಲಂಗದೊಳಗಾ? ನಿಮ್ಮಮ್ಮ ಟ್ರಾಮಲ್ಲಿ ಜೇಬು ಕತ್ತರಿಸ್ತಾಳಾ, ಮೈ ಮಾರ್ತಾಳಾ?”

“ಧನ್ಯವಾದ ಸಾರ್. ಮುಂದಿನ ಆಟ ನಿಮ್ಮದಾಗ್ಲಿ ಸಾರ್.”

“ನಗು ಸಾಲದು. ಹಲ್ಲು ಕಾಣ್ಲಿ.”

ಹಲ್ಲು ಕಾಣಿಸಿದಳು. ನರ್ಚೀಸಾಳ ಸರದಿಯಲ್ಲಿ ಅವನು ಕೇಳಿದ್ದು, ನಿನಗೆ ಮದುವೆ ಆಗಿದೆಯಾ ಚೆಲುವೆ, ಸಂಜೆ ಬಿಡುವಿದೆಯಾ ಅಂತ. ಬೈಗುಳದಲ್ಲೂ ಅವಳಿಗೆ ಒಳ್ಳೆಯ ಪಾಲು. ಗರೋಫಿತ್ಸಾ ಅದಕ್ಕೂ ಕರುಬಿದಳು, ಕರುಬಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ತರಬೇತಿ ಮುಗಿದ ದಿನ ಮೇಜು ಯಾರಿಗೆ, ಒಳಕೋಣೆ ಯಾರಿಗೆ ಅಂತ ಓದಿ ಹೇಳಿದರು. ಒಳಕೋಣೆ ಅಂದರೆ ಕಿಟಕಿಯಿಲ್ಲದ ಒಂದು ಗೂಡು. ಮೇಜುಗಳಿಗೆ ಹೋಗುವ ಕಟ್ಟುಗಳನ್ನು ಅಲ್ಲಿ ಕೂತು ಕಲಸಿ, ಎಣಿಸಿ, ಪೆಟ್ಟಿಗೆಗೆ ತುಂಬಿ ಕಳಿಸಬೇಕು. ಆಟಗಾರರು ನೋಡುವ ಕ್ಯಾಮೆರಾ ಅಲ್ಲಿಲ್ಲ, ಸಂಬಳವೂ ಅಷ್ಟಕ್ಕಷ್ಟೇ. ನರ್ಚೀಸಾಳಿಗೆ ಮೇಜು, ಗರೋಫಿತ್ಸಾಳಿಗೆ ಗೂಡು.

“ಕೈ ಚುರುಕಿದೆ, ಇಲ್ಲ ಅನ್ನಲ್ಲ. ಆದ್ರೆ ಲೈಟು ನಿನ್ನ ಬಣ್ಣಕ್ಕೆ ಒಪ್ಪಲ್ಲ” ಅಂದ ಕೊರ್ನೆಲ್.

“ಲೈಟು ಬದ್ಲಾಯ್ಸಿ ಸಾರ್.”

“ನಿನ್ನೊಬ್ಬಳಿಗೆ?” ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನೋಡೋಣ. ಯಾವುದಾದ್ರೂ ಮೇಜು ಖಾಲಿಯಾದ್ರೆ ನೋಡೋಣ.”

ಮೇಜು ತಾನಾಗಿ ಖಾಲಿಯಾಗುವುದಿಲ್ಲ, ಒಬ್ಬಳು ಬೀಳಬೇಕು. ಗರೋಫಿತ್ಸಾ ಗೂಡಿನಲ್ಲಿ ಕೂತು ಅದಕ್ಕಾಗಿ ಕಾದಳು. ಎದುರಿನ ಗೋಡೆಯ ಮೇಲೆ ಎಲ್ಲ ಮೇಜುಗಳೂ ಕಾಣುವ ಪರದೆ, ಸದ್ದಿಲ್ಲ. ಮೇಲಿನ ಸಾಲಿನಲ್ಲಿ ಬಿಯಾಂಕಾ. ಅಕ್ಕ ಕಲಸಿ ಕಳಿಸಿದ ಎಲೆಗಳನ್ನು ತಂಗಿ ಬೆಳಕಿನಲ್ಲಿ ಕೂತು ಹಂಚುತ್ತಿದ್ದಳು. ಮಿಕ್ಕ ಮೇಜುಗಳ ಕಡೆ ಗರೋಫಿತ್ಸಾಳ ಕಣ್ಣು ಹೋಗಲೇ ಇಲ್ಲ. ಒಂದು ಎಲೆ ಜಾರಲಿ, ಲೆಕ್ಕ ತಪ್ಪಲಿ, ನಾಲಗೆ ತೊದಲಲಿ ಅಂತ ಬೇಡಿಕೊಂಡಳು. ಏನೂ ತಪ್ಪಲಿಲ್ಲ. ಹಗಲೆಲ್ಲ ಬೀಜ ಒಡೆಯುತ್ತಿದ್ದ ಸೋಮಾರಿ ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಳು. ಅದೂ ಒಂದು ಉರಿ.

ಕೇರಿಯಲ್ಲಂತೂ ಜಾತ್ರೆ. ಚಿಕ್ಕವ್ವ ಫೋನು ಹಿಡಿದು ಮೆಟ್ಟಿಲ ಮೇಲೆ ಕೂತು, ಹತ್ತುವವರಿಗೂ ಇಳಿಯುವವರಿಗೂ ಮಗಳನ್ನು ತೋರಿಸುತ್ತಿದ್ದಳು. ಥೇಟ್ ರಾಣಿ ಅಂದರು. ಹೆತ್ತ ಹೊಟ್ಟೆ ತಂಪು ಕಣವ್ವ ಅಂದರು. ಗರೋಫಿತ್ಸಾ ಚೀಲ ಹಿಡಿದು ಬಂದರೆ, ನೀನ್ಯಾವಾಗವ್ವ ಫೋನಲ್ಲಿ ಬರಾದು, ನಿನ್ನ ಅಲ್ಲೂ ಗುಡ್ಸಾಕೆ ಹಾಕವ್ರಾ ಅಂತ ನಗುತ್ತಿದ್ದರು. ಅವಳ ಅವ್ವ ಪೊರಕೆಯ ಕಡ್ಡಿ ಬಿಗಿಯುತ್ತಿದ್ದಳು.

ಅಷ್ಟರಲ್ಲಿ ನರ್ಚೀಸಾಳಿಗೆ ತಲೆನೋವು ಶುರುವಾಯಿತು. ಮನೆಗೆ ಬಂದರೆ ಕತ್ತಲ ಮೂಲೆ ಹಿಡಿದು ಮಲಗುವಳು, ಆಕಳಿಸುವಳು, ಉಂಡದ್ದು ಕಕ್ಕುವಳು. ಇಡೀ ದಿನ ಸುಡುವ ದೀಪದ ಕೆಳಗೆ ಹಲ್ಲು ಕಿರಿದುಕೊಂಡು ಕೂತರೆ ಯಾರಿಗೆ ತಾನೆ ತಲೆ ನೋಯುವುದಿಲ್ಲ. ಆದರೆ ಕೇರಿಗೆ ಕಾರಣ ಗೊತ್ತಿತ್ತು. ದೃಷ್ಟಿ. ಅದಕ್ಕೆ ಮದ್ದೂ ಗೊತ್ತಿತ್ತು. ಯಾರ ಕಣ್ಣು ಬಿದ್ದಿದೆಯೋ ಅವರೇ ಬಂದು ಹಣೆಗೆ ಮೂರು ಸಲ ಉಗುಳಬೇಕು, ಹೆಬ್ಬೆಟ್ಟಿನಿಂದ ಒತ್ತಬೇಕು. ಊರಿನವರು ತುಟಿ ಆಡಿಸಿ ಥೂ ಥೂ ಅಂದು ಮುಗಿಸುವ ಹಾಗಲ್ಲ, ಹಣೆ ಒದ್ದೆಯಾಗಬೇಕು. ಉಗುಳಿಸಿಕೊಂಡವಳು ತಲೆ ಬಾಗಿ ಹಿಡಿಯಬೇಕು, ಒರೆಸಿಕೊಳ್ಳಬಾರದು. ತಾನಾಗಿ ಆರಿದರೆ ದೃಷ್ಟಿ ಹೋಯಿತು. ಒರೆಸಿಕೊಂಡರೆ ಎರಡು ಪಟ್ಟಾಗಿ ತಿರುಗಿ ಬರುತ್ತದೆ.

ಯಾರ ಕಣ್ಣೋ ಯಾರಿಗೆ ಗೊತ್ತು ಅಂತ ಚಿಕ್ಕವ್ವ ಮನೆ ಮನೆಯವರನ್ನೂ ಕರೆದಳು. ಎಲ್ಲರೂ ಬಂದು, ನಂದೇ ಇರ್ಬೇಕು ತಗಾ ಅಂತ ತಮಾಷೆ ಮಾಡುತ್ತ ಉಗಿದು ಹೋದರು. ತಲೆನೋವು ಹೋಗಲಿಲ್ಲ. ಕೊನೆಗೆ ಗರೋಫಿತ್ಸಾಳ ಕೈ ಹಿಡಿದು ಎಳೆದುಕೊಂಡು ಹೋದಳು.

“ಒಂದ್ಕಿತ ಉಗುದ್ಬುಡವ್ವ. ಎಲ್ಲಾರೂ ಉಗ್ದವ್ರೆ. ಕಣ್ಣು ಅನ್ನಾದು ನಮ್ ಮಾತು ಕೇಳ್ತದಾ? ತಪ್ಪೇನಲ್ಲ.”

“ನನ್ ಕಣ್ಣಾ? ಇವ್ಳ ಮ್ಯಾಲಾ?” ಗರೋಫಿತ್ಸಾಳ ದನಿ ಏರಿತು. “ಇವ್ಳತ್ರ ಏನೈತೆ ಅಂತ ನನ್ ಕಣ್ಣು ಬೀಳ್ಬೇಕು ಚಿಕ್ಕವ್ವ? ಬಿಳೇ ತೊಗ್ಲಾ?”

ನರ್ಚೀಸಾ ಹಣೆಯ ಮೇಲಿನ ಒದ್ದೆ ಬಟ್ಟೆ ಸರಿಸಿ ಒಂದು ಕಣ್ಣಿನಲ್ಲಿ ನೋಡಿದಳು. “ಬುಡವ್ವ. ಅಕ್ಕಂದು ಬಿದ್ದಿಲ್ವಂತೆ” ಅಂದಳು. ತುಟಿಯ ಮೂಲೆಯಲ್ಲಿ ಚೂರು ನಗು. ಗರೋಫಿತ್ಸಾ ದಡದಡ ಮೆಟ್ಟಿಲು ಹತ್ತಿ ಮನೆ ಸೇರಿದಳು. ಯಾರ ಕಣ್ಣು ಅನ್ನುವುದು ಅವಳಿಗೂ ಗೊತ್ತಿತ್ತು, ತಂಗಿಗೂ ಗೊತ್ತಿತ್ತು. ಉಗುಳಿದ್ದರೆ ಒಪ್ಪಿಕೊಂಡ ಹಾಗಾಗುತ್ತಿತ್ತು.

ಆ ವಾರವೇ ಉಡುಪಿನ ಕೋಣೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ನರ್ಚೀಸಾ ಮೊದಲ ಸಂಬಳದಲ್ಲಿ ಕೊಂಡಿದ್ದ ಹೂವಿನ ಚಿತ್ರದ ಕಪ್ಪಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದಳು. ಗರೋಫಿತ್ಸಾ ಬಾಗಿಲ ಹಿಂದೆ ಕೋಟು ನೇತುಹಾಕುತ್ತಿದ್ದಳು. ಆಟ ಮುಗಿಸಿ ಬಂದವಳ ಉಡುಪನ್ನು ವೆಟೂರಿಯಾ ಎಳೆದು ತೆಗೆದು ಮೇಜಿನ ಮೇಲೆ ಎಸೆದಳು. ಲಂಗದ ಅಂಚು ಕಪ್ಪಿನ ಬಾಯಿಯ ಮೇಲೆ ಬಿತ್ತು. ನರ್ಚೀಸಾ ಯೋಚಿಸಲಿಲ್ಲ. ಕಪ್ಪನ್ನು ಎರಡು ಬೆರಳಲ್ಲಿ ಎತ್ತಿ, ಕಾಫಿ ಸಮೇತ ಕಸದ ಬುಟ್ಟಿಗೆ ಹಾಕಿದಳು.

ಸೊಂಟದ ಕೆಳಗಿನ ಬಟ್ಟೆ ತಾಗಿದ ಪಾತ್ರೆ ಮೈಲಿಗೆ, ಅದರಲ್ಲಿ ಮತ್ತೆ ಉಣ್ಣುವ ಹಾಗಿಲ್ಲ, ತೊಳೆದರೂ ಹೋಗುವುದಿಲ್ಲ. ಕೇರಿಯಲ್ಲಿ ಅಜ್ಜಿಯ ಕಾಲದಿಂದ ಬಂದ ಕಟ್ಟಳೆ. ಪ್ಯಾಂಟು ತೊಟ್ಟು, ಹೆಸರು ಬದಲಾಯಿಸಿ, ಅವ್ವನ ಊರನ್ನೇ ಬದಲಾಯಿಸಿದವಳ ಕೈಗೆ ಅದನ್ನು ಬದಲಾಯಿಸಲು ಬಂದಿರಲಿಲ್ಲ. ಗರೋಫಿತ್ಸಾ ಆಗಿದ್ದರೂ ಅದನ್ನೇ ಮಾಡುತ್ತಿದ್ದಳು. ತಮ್ಮನ್ನು ಮುಟ್ಟಿದರೆ ಮೈಲಿಗೆ ಅನ್ನುವ ಈ ಬಿಳಿಯರು ಲಂಗ ಬಿದ್ದ ಕಪ್ಪಿನಲ್ಲಿ ಕುಡಿಯುತ್ತಾರೆ.

ವೆಟೂರಿಯಾಳ ಕೈ ನಿಂತಿತು. ಅವಳ ಹಳ್ಳಿಯ ಅಂಚಿನಲ್ಲೇ ರೋಮಾ ಕೇರಿ. ಇಂಥದ್ದನ್ನು ನೋಡಿ ಬೆಳೆದವಳು.

“ಹೊಸ ಕಪ್ಪು ಯಾಕೆ ಬಿಸಾಕ್ದೆ?”

“ನೊಣ ಬಿದ್ದಿತ್ತು ಮೇಡಂ.”

ಹೊರಗೆ ಹಿಮ ಬೀಳುತ್ತಿತ್ತು, ನೊಣದ ಕಾಲವಲ್ಲ. ವೆಟೂರಿಯಾ ಬುಟ್ಟಿಯೊಳಗೆ ಬಗ್ಗಿ ನೋಡಿ, ಕೊರ್ನೆಲ್‌ನ ಕೋಣೆಯ ಕಡೆ ಹೊರಟಳು.

ಮಾರನೆಯ ದಿನ ಕೊರ್ನೆಲ್ ಗರೋಫಿತ್ಸಾಳನ್ನು ತನ್ನ ಕೋಣೆಗೆ ಕರೆಸಿದ. ಮೊದಲ ಸಲ ಕುರ್ಚಿ ತೋರಿಸಿದ. ಕಾಫಿ ತರಿಸಿದ. ಕಾಗದದ ಲೋಟದಲ್ಲಿ ಅನ್ನುವುದನ್ನು ಅವಳು ಗಮನಿಸಿದಳು. ಅವನದು ಪಿಂಗಾಣಿ.

“ನೇರವಾಗಿ ಕೇಳ್ತೀನಿ. ಬಿಯಾಂಕಾ ನಿಮ್ಮವಳಾ?”

ಅವಳು ಲೋಟವನ್ನು ಮೇಜಿನ ಮೇಲೆ ಇಟ್ಟಳು.

“ನಿಮ್ಮವರು ನಿಮ್ಮವರನ್ನ ವಾಸನೇಲೇ ಹಿಡೀತೀರಂತಲ್ಲ. ಹೇಳು. ಅವಳು ಇಟಲಿ ಅಂತ ಗಿರಾಕಿಗಳಿಗೆ ಹೇಳಿದ್ದೀವಿ. ಸುಳ್ಳಾದ್ರೆ ನನ್ನ ತಲೆ ಹೋಗುತ್ತೆ. ಅವಳನ್ನ ಇವತ್ತೇ ಓಡಿಸ್ತೀನಿ, ಆ ಮೇಜು ನಿಂಗೆ. ಲೈಟೂ ಬದಲಾಯಿಸೋಣ, ಒಂದು ಕೈ ಮೇಕಪ್ಪು ಹೊಡೆದು ಬ್ರೆಜಿಲ್ ಹುಡುಗಿ ಅಂದ್ರಾಯ್ತು. ಅದಕ್ಕೂ ಗಿರಾಕಿ ಇದ್ದಾರೆ. ಹೂಂ ಅನ್ನು, ಸಾಕು.”

ಒಂದು ಹೂಂ. ಗರೋಫಿತ್ಸಾಳಿಗೆ ಕೆಂಪು ಉಡುಪು ಕಾಣಿಸಿತು. ಅವ್ವ ಮೆಟ್ಟಿಲ ಮೇಲೆ ಕೂತು ಫೋನು ಹಿಡಿದು, ಹತ್ತುವವರಿಗೂ ಇಳಿಯುವವರಿಗೂ ತೋರಿಸುವುದು ಕಾಣಿಸಿತು. ಬೀಜದ ಸಿಪ್ಪೆ ಉಗುಳುತ್ತ ಕೂತ ನರ್ಚೀಸಾ ಕಾಣಿಸಿದಳು. ಇದನ್ನೆಲ್ಲ ಕಷ್ಟಪಟ್ಟು ಹುಡುಕಿದವಳು ತಾನು. ಅವಳು ಬರೀ ಜೊತೆಗೆ ಬಂದವಳು. ಗರೋಫಿತ್ಸಾ ಬಾಯಿ ತೆರೆದಳು. ಅದರಿಂದ ಏನು ಹೊರಡುತ್ತಿತ್ತು ಅನ್ನುವುದು ಅವಳಿಗೇ ಗೊತ್ತಾಗಲಿಲ್ಲ, ಅಷ್ಟರಲ್ಲಿ ಕೊರ್ನೆಲ್‌ನ ತಾಳ್ಮೆ ಮುಗಿದಿತ್ತು.

“ಕಳ್ಳ ಜಾತಿ, ಬಾಯಿ ಬಿಡಲ್ಲ. ಎದ್ದೇಳು. ನಾನೇ ನೋಡ್ಕೋತೀನಿ.”

ಅವನು ಅವಳ ತೋಳು ಹಿಡಿದು ಮೇಜುಗಳ ಹಾಲಿಗೆ ನಡೆಸಿಕೊಂಡು ಬಂದ. ಆಟ ಇನ್ನೇನು ಶುರುವಾಗಬೇಕು. ನರ್ಚೀಸಾ ದೀಪದ ಕೆಳಗೆ ಸಿದ್ಧವಾಗಿ ಕೂತಿದ್ದಳು. ಹಿಂದೆ ವೆಟೂರಿಯಾ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಉಡುಪು ಬಿಗಿಯುತ್ತಿದ್ದಳು. ಸರದಿ ಕಾಯುತ್ತಿದ್ದ ಹುಡುಗಿಯರು ಗೋಡೆಗೆ ಒರಗಿದ್ದರು. ಅಕ್ಕನನ್ನು ಕಂಡು ನರ್ಚೀಸಾಳ ಮುಖ ಒಂದು ಕ್ಷಣ ಬರಿದಾಗಿ, ಮತ್ತೆ ನಗು ಹೊತ್ತುಕೊಂಡಿತು.

“ಬಿಯಾಂಕಾ, ಇವಳು ಯಾರು ಗೊತ್ತಾ?”

“ಒಳಗೆ ಎಲೆ ಕಲಸೋಳು ಅಲ್ವಾ ಸಾರ್?”

“ಅಷ್ಟೇನಾ?”

“ಅಷ್ಟೇ ಸಾರ್.”

“ಹಂಗಾದ್ರೆ ಅವಳಿಗೊಂದು ಮಾತು ಹೇಳು. ‘ಕೊಳಕು ತ್ಸಿಗಾಂಕ, ನಿನ್ನ ನಾತ ನನ್ನ ಮೇಜಿಗೆ ತಾಗುತ್ತೆ, ಆಚೆ ನಿಂತ್ಕೋ’ ಅನ್ನು. ನಿನ್ನ ಬಾಯಲ್ಲಿ ಕೇಳಬೇಕು. ನಗ್ತಾ ಹೇಳು, ಕಲಿಸಿದ್ದೀನಲ್ಲ.”

ಗೋಡೆಯ ಹತ್ತಿರ ಯಾರೋ ಕಿಸಕ್ಕೆಂದರು. ನರ್ಚೀಸಾಳ ಹಣೆಯ ನರ ಎದ್ದು ಬಡಿಯುತ್ತಿತ್ತು. ಅವಳು ಅಕ್ಕನನ್ನೇ ನೋಡಿದಳು. ಗೋಡೆ ನೋಡಿದ ಹಾಗೆ ನೋಡಲಿಲ್ಲ, ಎಷ್ಟೋ ವಾರಗಳ ಮೇಲೆ ಅಕ್ಕನನ್ನು ಅಕ್ಕನ ಹಾಗೆ ನೋಡಿದಳು. ನೋಡುತ್ತಲೇ ಹೇಳಿದಳು. “ಕೊಳಕು ತ್ಸಿಗಾಂಕ. ನಿನ್ನ ನಾತ ನನ್ನ ಮೇಜಿಗೆ ತಾಗುತ್ತೆ. ಆಚೆ ನಿಂತ್ಕೋ.” ನಗು ತುಟಿಯಿಂದ ಅಲುಗಲಿಲ್ಲ. ಎಲ್ಲ ಹಲ್ಲೂ ಕಾಣುತ್ತಿದ್ದವು.

ಆ ಮಾತನ್ನು ಆಡುವಾಗಲೂ ಅವಳು ಎಷ್ಟು ಚೆಂದ ಕಾಣುತ್ತಿದ್ದಳು. ಕೆಂಪು ಉಡುಪು, ದೀಪ, ಅವಳ ಬಿಳಿಯ ಕತ್ತು. ಗರೋಫಿತ್ಸಾಳಿಗೆ ಮೈಯೆಲ್ಲ ಉರಿಯಿತು, ಆ ಮಾತಿಗೋ ಆ ಚೆಂದಕ್ಕೋ ಬಿಡಿಸಿ ಹೇಳಲಾಗದು. ನನ್ನದೇ ಕಣ್ಣು, ಬೇರೆ ಯಾರದೂ ಅಲ್ಲ ಅಂತ ಒಳಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ಕೊರ್ನೆಲ್‌ನ ಕೈ ಕೊಡವಿ, ಮೇಜಿನ ಮೇಲೆ ಬಾಗಿ, ತಂಗಿಯ ಹಣೆಗೆ ಉಗುಳಿದಳು. ಮೂರು ಸಲ, ಬಾಯಿತುಂಬ. ಹೆಬ್ಬೆಟ್ಟನ್ನು ಹುಬ್ಬುಗಳ ನಡುವೆ ಊರಿ ಒತ್ತಿದಳು, ತಲೆ ಹಿಂದಕ್ಕೆ ಹೋಗುವಷ್ಟು ಜೋರಾಗಿ. ಉಗುಳಿದ್ದು ಸಿಟ್ಟಿಗೂ ಹೌದು. ಹೌದು, ಅದಕ್ಕೂ ಹೌದು. ನರ್ಚೀಸಾಳ ತಲೆ ಮಾತ್ರ ಮೊದಲನೆಯ ಸಲಕ್ಕೇ ತಾನಾಗಿ ಬಾಗಿತ್ತು.

ಹುಡುಗಿಯರು ಕಿರುಚಿದರು. ಕೊರ್ನೆಲ್ ಗರೋಫಿತ್ಸಾಳ ಜುಟ್ಟು ಹಿಡಿದು ಎಳೆದು ಕೆನ್ನೆಗೆ ಬಾರಿಸಿದ. “ಕೊಳಕು ಮುಂಡೆ, ನಾಯಿಗೆ ಹುಟ್ಟಿದೋಳೆ! ಎಳ್ಕೊಂಡ್ಹೋಗಿ ಇವಳನ್ನ, ಮತ್ತೆ ಬಾಗಿಲು ತುಳಿಯೋ ಹಂಗಿಲ್ಲ.” ಕಾವಲುಗಾರ ಓಡಿಬಂದು ಅವಳ ತೋಳು ತಿರುಚಿ ಹಿಡಿದ.

ಕೊರ್ನೆಲ್ ಬಿಯಾಂಕಾಳ ಕಡೆ ತಿರುಗಿದಾಗ ಅವನ ಮುಖವೇ ಬೇರೆಯಾಗಿತ್ತು. ಸಂದೇಹ ಉಳಿದಿರಲಿಲ್ಲ. ತಮ್ಮವಳಾಗಿದ್ದರೆ ಇವಳು ಹಾಗೆ ಉಗುಳುತ್ತಿದ್ದಳೇ? ಕ್ಷಮಿಸು ಬಿಯಾಂಕಾ, ಯಾರದೋ ಚಾಡಿ ಕೇಳಿದೆ, ಇನ್ನು ಈ ಮೇಜು ನಿನ್ನದೇ, ಯಾರೂ ಅಲುಗಿಸುವುದಿಲ್ಲ ಅಂದ. ತನ್ನ ಜೇಬಿನ ಬಿಳಿಯ ಕರವಸ್ತ್ರ ತೆಗೆದು ಬಿಡಿಸಿ ಕೊಟ್ಟ.

“ಒರೆಸ್ಕೋ.”

ನರ್ಚೀಸಾ ಕರವಸ್ತ್ರ ತಗೊಂಡಳು. ಉಗುಳು ಹಣೆಯಿಂದ ಜಾರಿ ಹುಬ್ಬಿಗೆ ಬಂದಿತ್ತು. ಬಾಗಿಲ ತನಕ ಎಳೆಸಿಕೊಂಡು ಹೋಗಿದ್ದ ಗರೋಫಿತ್ಸಾ ಕಾಲೂರಿ ನಿಂತು ತಿರುಗಿ ನೋಡಿದಳು. ಒರಸ್ಕೋ ಮುಂಡೆದೆ, ನಿನ್ನ ಮೇಜು ಉಳೀತದೆ ಅಂತ ಮನಸ್ಸು ಕೂಗಿತು. ಒರೆಸಬ್ಯಾಡ ಅಂತಲೂ ಕೂಗಿತು. ವೆಟೂರಿಯಾ ಪಿನ್ನು ಕಚ್ಚಿಕೊಂಡೇ ಹುಡುಗಿಯ ಹಣೆಯನ್ನು ಎವೆಯಿಕ್ಕದೆ ನೋಡುತ್ತಿದ್ದಳು.

ನರ್ಚೀಸಾ ಕರವಸ್ತ್ರವನ್ನು ನಾಲ್ಕಾಗಿ ಮಡಿಸಿ ಮೇಜಿನ ಅಂಚಿಗೆ ಇಟ್ಟಳು.

“ಒರೆಸ್ಕೋ ಅಂದೆ. ಆಟ ಶುರುವಾಗುತ್ತೆ.”

“ತಾನೇ ಆರ್ತದೆ, ಬುಡಿ ಸಾರ್” ಅಂದಳು ನರ್ಚೀಸಾ. ದನಿ ಬಿಯಾಂಕಾಳದ್ದಾಗಿರಲಿಲ್ಲ, ಕೇರಿಯದ್ದು.

ವೆಟೂರಿಯಾಳ ಬಾಯಿಂದ ಪಿನ್ನು ಬಿತ್ತು. ಅವಳು ಎರಡು ಹೆಜ್ಜೆ ಹಿಂದೆ ಸರಿದು ಶಿಲುಬೆಯ ಗುರುತು ಹಾಕಿಕೊಂಡಳು. ಕೊರ್ನೆಲ್ ಅವಳನ್ನು ನೋಡಿದ, ಹುಡುಗಿಯನ್ನು ನೋಡಿದ, ಮಡಿಸಿಟ್ಟ ಕರವಸ್ತ್ರವನ್ನು ನೋಡಿದ. ಏನೋ ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಕ್ಯಾಮೆರಾದ ಮೇಲಿನ ಕೆಂಪು ದೀಪ ಹೊತ್ತಿಕೊಂಡಿತು. ಇನ್ನು ಚೌಕಟ್ಟಿನೊಳಗೆ ಯಾರೂ ಕೈ ಹಾಕುವಂತಿಲ್ಲ.

ಎಲ್ಲೆಲ್ಲಿಯೋ ಕೂತ ಸಾವಿರಾರು ಆಟಗಾರರ ಎದುರು ನರ್ಚೀಸಾ ಒದ್ದೆ ಹಣೆ ಎತ್ತಿದಳು.

“ಬಾಜಿ ಕಟ್ಟಿ” ಅಂದಳು. ನಗಲಿಲ್ಲ.